ಯಾವ ಕಿಟಕಿ, ಎಡವೋ ಬಲವೋ?

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿಯುವವರು ಬಹಳ ಮಂದಿ. ಯಾವ ಕಡೆಯ ಕಿಟಕಿ ಎಂದು ಯೋಚಿಸುವವರು ವಿರಳ. ವೆಬ್ ಚೆಕ್-ಇನ್ ಮಾಡುವಾಗ ಮೊಬೈಲಿನಲ್ಲಿ ಸೀಟುಗಳ ನಕ್ಷೆ ತೆರೆದುಕೊಳ್ಳುತ್ತದೆ. ಅಂಚಿನಲ್ಲಿ ಖಾಲಿ ಕಂಡ ಚೌಕವೊಂದನ್ನು ಒತ್ತಿ, ಕೆಲವು ನೂರು ರೂಪಾಯಿ ಹೆಚ್ಚುವರಿ ಕಟ್ಟಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ದಿಲ್ಲಿಯಿಂದ ಗುವಾಹಟಿಗೆ ಹೊರಟ ವಿಮಾನದಲ್ಲಿ ಬಲಗಡೆ ಕುಳಿತವರು ಎರಡು ಗಂಟೆಗೂ ಹೆಚ್ಚು ಹೊತ್ತು ಗಂಗಾ ಬಯಲಿನ ಮಬ್ಬನ್ನೇ ನೋಡುತ್ತಾರೆ. ಅಷ್ಟೇ ದುಡ್ಡು ಕೊಟ್ಟು ಎಡಗಡೆ ಕುಳಿತವರಿಗೆ, ಆಕಾಶ ತಿಳಿಯಾಗಿದ್ದರೆ, ನಂದಾದೇವಿಯಿಂದ ಕಾಂಚನಜುಂಗಾದವರೆಗೆ ಹಿಮಾಲಯದ ಇಡೀ ಸಾಲು ಕಾಣಸಿಗುತ್ತದೆ. ಎರಡೂ ಕಿಟಕಿಗಳ ನಡುವಿನ ಅಂತರ ನಾಲ್ಕು ಮೀಟರ್ ಕೂಡ ಇಲ್ಲ.

ಈ ನಾಲ್ಕು ಮೀಟರಿನ ಆಯ್ಕೆಯನ್ನು ಅದೃಷ್ಟಕ್ಕೆ ಬಿಡಬೇಕಾಗಿಲ್ಲ. ವಿಮಾನ ಯಾವ ದಿಕ್ಕಿಗೆ ಹೋಗುತ್ತದೆ, ಆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ, ರೆಕ್ಕೆ ಯಾವ ಸಾಲುಗಳಿಗೆ ಅಡ್ಡ ಬರುತ್ತದೆ ಎಂಬ ಮೂರು ಸಂಗತಿ ಗೊತ್ತಿದ್ದರೆ ಸಾಕು. ನಮ್ಮ ಘಟ್ಟ, ಕೆರೆ, ಕಲ್ಲುಬೆಟ್ಟ, ನದಿಗಳನ್ನು ಇಡಿಯಾಗಿ ಕಾಣುವ ಅವಕಾಶ ಸಾಮಾನ್ಯರಿಗೆ ಸಿಗುವುದು ಹೆಚ್ಚಾಗಿ ವಿಮಾನದ ಕಿಟಕಿಯಲ್ಲೇ. ಆ ಅವಕಾಶ ತಪ್ಪಬಾರದೆಂಬ ಕಾಳಜಿಯಿಂದ ಈ ಬರಹ.

ಮೊದಲು ದಿಕ್ಕು. ವಿಮಾನದ ಮೂತಿಗೆ ಮುಖ ಮಾಡಿ ಕುಳಿತಾಗ ‘ಎ’ ಸೀಟು ಎಡಗಡೆಗೆ. ನಮ್ಮಲ್ಲಿ ಹೆಚ್ಚು ಓಡಾಡುವ ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳಲ್ಲಿ ‘ಎಫ್’ ಬಲಗಡೆಯ ಕಿಟಕಿ. ದೊಡ್ಡ ವಿಮಾನಗಳಲ್ಲಿ ಬಲತುದಿಯ ಅಕ್ಷರ ‘ಕೆ’ ಎಂದೂ ಇರುತ್ತದೆ. ಪೂರ್ವಕ್ಕೆ ಹೊರಟರೆ ಉತ್ತರ ನಿಮ್ಮ ಎಡಕ್ಕೆ, ಪಶ್ಚಿಮಕ್ಕೆ ಹೊರಟರೆ ಬಲಕ್ಕೆ. ಉತ್ತರಕ್ಕೆ ಹೋಗುವಾಗ ಪಶ್ಚಿಮ ಎಡಕ್ಕೆ, ಪೂರ್ವ ಬಲಕ್ಕೆ. ನಕ್ಷೆಯ ಮೇಲೆ ಹೊರಡುವ ಊರಿಂದ ಸೇರುವ ಊರಿಗೆ ಒಂದು ಗೆರೆ ಎಳೆದು, ನೋಡಬೇಕಾದ್ದು ಆ ಗೆರೆಯ ಯಾವ ಮಗ್ಗುಲಿಗಿದೆ ಎಂದು ಗಮನಿಸಿದರೆ ಅರ್ಧ ಕೆಲಸ ಆದಂತೆ.

ಏರುವಾಗ ಮತ್ತು ಇಳಿಯುವಾಗಿನ ಲೆಕ್ಕ ಸ್ವಲ್ಪ ಬೇರೆ. ನೆಲ ಹತ್ತಿರದಿಂದ ಕಾಣುವುದು ಆಗಲೇ ಆದ್ದರಿಂದ ಅದನ್ನು ಕಡೆಗಣಿಸುವಂತಿಲ್ಲ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿ ಹಾಸಿವೆ. ಅವುಗಳ ಮೇಲೆ ಒಂದು ತುದಿಗೆ 09, ಇನ್ನೊಂದು ತುದಿಗೆ 27 ಎಂದು ದೊಡ್ಡದಾಗಿ ಬರೆದಿರುತ್ತದೆ. ದಿಕ್ಸೂಚಿಯ ಪ್ರಕಾರ ಪೂರ್ವ 90 ಡಿಗ್ರಿ, ಪಶ್ಚಿಮ 270 ಡಿಗ್ರಿ. ಕೊನೆಯ ಸೊನ್ನೆ ಬಿಟ್ಟು ಬರೆಯುವುದು ಜಗತ್ತಿನ ಎಲ್ಲ ನಿಲ್ದಾಣಗಳ ರೂಢಿ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೆಚ್ಚಾಗಿ ಪಶ್ಚಿಮಕ್ಕೆ ಮುಖ ಮಾಡಿ ಏರುತ್ತದೆ, ಚಳಿಗಾಲದಲ್ಲಿ ಪೂರ್ವಕ್ಕೆ. ನಂದಿಬೆಟ್ಟ ಇರುವುದು ನಿಲ್ದಾಣದ ಉತ್ತರಕ್ಕೆ. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ನಂದಿಯನ್ನು ನೋಡಬೇಕೆಂದರೆ ಬಲಗಡೆ ಕೂರಬೇಕು. ಡಿಸೆಂಬರ್, ಜನವರಿಯಲ್ಲಿ ಎಡಗಡೆ. ಚಳಿಗಾಲದ ಬೆಳಗಿನ ವಿಮಾನದಲ್ಲಿ ಕಣಿವೆಗಳೆಲ್ಲ ಮಂಜಿನಲ್ಲಿ ಮುಳುಗಿದ್ದು ನಂದಿ, ಸ್ಕಂದಗಿರಿಗಳ ತಲೆ ಮಾತ್ರ ಮೇಲೆದ್ದಿರುವುದನ್ನು ನೋಡಲು ಇಷ್ಟು ತಿಳಿದಿದ್ದರೆ ಸಾಕು.

ಬಿಸಿಲಿನ ಮಾತು

ಸೂರ್ಯನಿರುವ ಕಡೆ ಕುಳಿತರೆ ಕಣ್ಣು ಕುಕ್ಕುತ್ತದೆ. ಕಿಟಕಿಯ ಒಳಹಾಳೆಯ ಮೇಲೆ ವರ್ಷಗಳಿಂದ ಬಿದ್ದ ಗೀರುಗಳೆಲ್ಲ ಬಿಸಿಲಿಗೆ ಹೊಳೆದು ಆಚೆಯ ನೋಟವನ್ನು ಮರೆಮಾಡುತ್ತವೆ. ಮೇಲಾಗಿ, ಆ ಕಡೆಯ ಬೆಟ್ಟಗಳು ನಮಗೆ ತೋರಿಸುವುದು ನೆರಳಿನ ಮೈಯನ್ನು. ಸೂರ್ಯ ಬೆನ್ನಿಗಿದ್ದರೆ ನೆಲದ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಆದ್ದರಿಂದ ಉತ್ತರಕ್ಕೋ ದಕ್ಷಿಣಕ್ಕೋ ಹೋಗುವ ಬೆಳಗಿನ ವಿಮಾನದಲ್ಲಿ ಪಶ್ಚಿಮದ ಕಿಟಕಿ, ಸಂಜೆಯ ವಿಮಾನದಲ್ಲಿ ಪೂರ್ವದ ಕಿಟಕಿ ಒಳ್ಳೆಯದು.

ಪೂರ್ವ–ಪಶ್ಚಿಮವಾಗಿ ಹೋಗುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಸೂರ್ಯ ದಕ್ಷಿಣಕ್ಕಿರುತ್ತಾನೆ, ಉತ್ತರದ ಕಿಟಕಿ ಹಿಡಿಯಿರಿ. ಯುರೋಪಿಗೆ, ಅಮೆರಿಕಕ್ಕೆ, ನಮ್ಮ ದಿಲ್ಲಿಗೂ ಈ ಮಾತು ಸರಿ. ಕರ್ನಾಟಕಕ್ಕೆ ವರ್ಷವಿಡೀ ಹೊಂದುವುದಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನಲ್ಲಿ ‘ಶೂನ್ಯ ನೆರಳಿನ ದಿನ’ ಬರುತ್ತದೆ. ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು, ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಅದರ ನೆರಳು ಮಾಯವಾಗುವುದನ್ನು ನೋಡುತ್ತಾರೆ. ಅಂದಿನಿಂದ ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಂದು ಶೂನ್ಯ ನೆರಳಿನ ದಿನ ಬರುವವರೆಗೆ ನಮ್ಮ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳ ರಜೆಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೋ ಚೆನ್ನೈಗೋ ಮಧ್ಯಾಹ್ನದ ವಿಮಾನ ಹಿಡಿಯುವವರು ಈ ಸಂಗತಿಯನ್ನು ನೆನಪಿಡಬೇಕು.

ಬಿಸಿಲಿನ ಕಡೆಯೇ ಕೂರಬೇಕಾದ ಸಂದರ್ಭವೂ ಉಂಟು. ಅದು ನೀರನ್ನು ನೋಡಬೇಕಾದಾಗ. ಒಳ್ಳೆಯ ಮಳೆಯಾದ ವರ್ಷ, ಸಂಜೆ ನಾಲ್ಕೂವರೆ ಐದರ ಹೊತ್ತಿಗೆ ಬೆಂಗಳೂರಿಗೆ ಇಳಿಯುವ ವಿಮಾನದಲ್ಲಿ ಸೂರ್ಯನ ಕಡೆಯ ಕಿಟಕಿಯಿಂದ ಕೆಳಗೆ ನೋಡಿ. ಮೊದಲು ಕಂದು ನೆಲ ಬಿಟ್ಟು ಏನೂ ಕಾಣದು. ಇದ್ದಕ್ಕಿದ್ದಂತೆ ಒಂದು ಕೆರೆ ಬೆಳ್ಳಿಯಾಗಿ ಹೊಳೆಯುತ್ತದೆ. ಎರಡು ಎಣಿಸುವುದರೊಳಗೆ ಅದು ಆರಿ, ಅದರ ಕೆಳಗಿನ ಕೆರೆ ಹೊತ್ತಿಕೊಳ್ಳುತ್ತದೆ, ಆಮೇಲೆ ಅದರಾಚೆಯದು. ನಡುನಡುವೆ ಕೃಷಿಹೊಂಡ, ಕಲ್ಲುಕ್ವಾರಿಯ ನೀರು, ಗದ್ದೆಯ ತುಂಡು, ರಾಜಕಾಲುವೆಯ ಗೆರೆ. ಸೂರ್ಯನ ಪ್ರತಿಬಿಂಬ ವಿಮಾನದ ಜೊತೆಗೇ ಓಡುತ್ತಾ ನೀರಿದ್ದಲ್ಲೆಲ್ಲ ಮಿಂಚಿ ಹೋಗುತ್ತದೆ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ನಮ್ಮ ಹಿರಿಯರು ಕಟ್ಟಿದ ಕೆರೆಗಳ ಸರಣಿಯನ್ನು ಪುಸ್ತಕದಲ್ಲಿ ಓದಿದವರು ಬಹಳ ಇದ್ದಾರೆ. ಇಳಿಜಾರು ಹಿಡಿದು ಆ ಸರಣಿ ಹೇಗೆ ಸಾಗುತ್ತದೆ, ಎಲ್ಲಿ ಒಂದು ಬಡಾವಣೆ ಅದನ್ನು ಕಡಿದು ಕೂತಿದೆ ಎಂಬುದು ಆ ಒಂದೆರಡು ನಿಮಿಷದಲ್ಲಿ ಕಣ್ಣಿಗೆ ಕಟ್ಟುತ್ತದೆ. ಹೊಳೆಯಬೇಕಾದ ಜಾಗದಲ್ಲಿ ಹೊಳೆಯದೆ ಹಸಿರಾಗಿಯೇ ಉಳಿದದ್ದು ಜೊಂಡು ಮುಚ್ಚಿದ ಕೆರೆ.

ಘಟ್ಟದ ಮೇಲೆ

ರಾಜ್ಯದೊಳಗಿನ ಹಾರಾಟಗಳಲ್ಲಿ ನನ್ನ ಮೆಚ್ಚಿನದು ಬೆಂಗಳೂರು–ಮಂಗಳೂರು. ಹಾರಾಟ ಹೆಚ್ಚುಕಡಿಮೆ ಒಂದು ತಾಸಿನದು, ದಿಕ್ಕು ನೇರ ಪಶ್ಚಿಮ. ಬಲಗಡೆ ಕುಳಿತರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಸಾಲು, ಆಮೇಲೆ ಕುದುರೆಮುಖ. ಎಡಗಡೆ ಕುಳಿತರೆ ಗೊರೂರಿನ ಹೇಮಾವತಿ ಜಲಾಶಯ, ಅದರಾಚೆ ಪುಷ್ಪಗಿರಿಯ ಕಡೆಯ ಬೆಟ್ಟಗಳು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಬಲಗಡೆಯನ್ನೇ ಆರಿಸುತ್ತೇನೆ, ಕುದುರೆಮುಖದ ಶೋಲಾ ಕಾಡುಗಳಿಗಾಗಿ. ಬೆಟ್ಟದ ಬೆನ್ನೆಲ್ಲ ಬರೀ ಹುಲ್ಲು. ನೀರಿಳಿಯುವ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. ಮಳೆ ಮುಗಿದ ಹೊಸತರಲ್ಲಿ ಎರಡೂ ಹಸಿರಾಗಿರುವುದರಿಂದ ಬೇರೆಬೇರೆಯಾಗಿ ಗುರುತು ಹತ್ತುವುದಿಲ್ಲ. ಫೆಬ್ರುವರಿಯಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದಾಗ ಶೋಲಾಗಳು ಕಡುಹಸಿರಾಗಿ ಎದ್ದು ಕಾಣುತ್ತವೆ. ಯಾವ ತೊರೆ ಎಲ್ಲಿ ಹುಟ್ಟುತ್ತದೆ ಎಂದು ಬೆರಳಿಟ್ಟು ತೋರಿಸಬಹುದು.

ಈ ದಾರಿಯಲ್ಲಿ ಒಮ್ಮೆ ಪಕ್ಕದಲ್ಲಿ ಪುತ್ತೂರು ಕಡೆಯ ಹಿರಿಯರೊಬ್ಬರಿದ್ದರು. ಅಷ್ಟು ಹೊತ್ತೂ ಪತ್ರಿಕೆಯಲ್ಲಿ ಮುಳುಗಿದ್ದವರು, ನೆಲ ಒಮ್ಮೆಲೇ ಕುಸಿದು ಕರಾವಳಿ ತೆರೆದುಕೊಂಡಾಗ ನನ್ನ ಕಡೆಗೆ ಬಗ್ಗಿ ನೋಡಿದರು. “ನಲವತ್ತು ವರ್ಷ ಶಿರಾಡಿಯಲ್ಲಿ ಬಸ್ಸಿನಲ್ಲೇ ಹೋಗಿ ಬಂದದ್ದು ಮಾರಾಯ್ರೆ. ಘಟ್ಟ ಇಷ್ಟು ಸಪೂರ ಅಂತ ಗೊತ್ತೇ ಇರಲಿಲ್ಲ” ಎಂದರು. ಅವರ ಮಾತು ನಿಜ. ತಿರುವು ತಿರುವಿನಲ್ಲಿ ಹತ್ತಿ ಇಳಿಯುವವರಿಗೆ ಮುಗಿಯದಂತೆ ಕಾಣುವ ಕಾಡು, ಮೇಲಿನಿಂದ ನೋಡಿದರೆ ಅಂಚಿನುದ್ದಕ್ಕೂ ಹಬ್ಬಿದ ಒಂದು ಕಿರುಪಟ್ಟಿ; ವಿಮಾನ ಅದನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ನೇತ್ರಾವತಿ, ತುಂಗೆ, ಭದ್ರೆ, ಹೇಮಾವತಿಗಳೆಲ್ಲ ಹುಟ್ಟುವುದು ಈ ಪಟ್ಟಿಯಲ್ಲಿ. ಇದರಲ್ಲಿ ಒಂದು ರಸ್ತೆಯನ್ನು ಅಗಲ ಮಾಡಿದರೆ, ಒಂದು ಗುಡ್ಡವನ್ನು ಕಡಿದರೆ ಎಷ್ಟು ಪಾಲು ಹೋಗುತ್ತದೆ ಎಂಬ ಅಂದಾಜು ನೆಲದ ಮೇಲೆ ನಿಂತವರಿಗೆ ಸಿಗುವುದಿಲ್ಲ. ಘಟ್ಟದ ಯೋಜನೆಗಳ ಬಗ್ಗೆ ತೀರ್ಮಾನ ಮಾಡುವವರೆಲ್ಲ ಒಮ್ಮೆ ಈ ವಿಮಾನದ ಬಲಗಡೆ ಕುಳಿತು ಹೊರಗೆ ನೋಡಬೇಕೆಂದು ನನಗೆ ಅನಿಸುತ್ತದೆ.

ಮುಂಗಾರಿನಲ್ಲಿ ಇದೇ ದಾರಿ ಬೇರೆಯದೇ ಪಾಠ ಹೇಳುತ್ತದೆ. ಹಾಸನದವರೆಗೆ ಅಲ್ಲಲ್ಲಿ ಹತ್ತಿಯಂಥ ಮೋಡ, ನಡುವೆ ಬಿಸಿಲು ಬಿದ್ದ ಹೊಲ. ಘಟ್ಟದ ಅಂಚಿಗೆ ಬಂದದ್ದೇ ತಡ, ಮೋಡ ಗೋಡೆಯಾಗಿ ನಿಂತಿರುತ್ತದೆ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು, ಪಶ್ಚಿಮದ ಮಗ್ಗುಲಲ್ಲೇ ಮಳೆ ಸುರಿಸಿ ಹಗುರಾಗುತ್ತದೆ. ಆಗುಂಬೆ ಯಾಕೆ ತೊಯ್ಯುತ್ತದೆ, ಚಿತ್ರದುರ್ಗ ಯಾಕೆ ಒಣಗುತ್ತದೆ ಎಂಬುದಕ್ಕೆ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಚಿತ್ರ ಇಲ್ಲಿ ಕಣ್ಣೆದುರಿಗೇ ಇರುತ್ತದೆ.

ಬಜಪೆ ನಿಲ್ದಾಣ ಗುಡ್ಡದ ತಲೆಯ ಮೇಲಿದೆ. ವಿಮಾನ ಪೂರ್ವದಿಂದ ಇಳಿಯುತ್ತಿದ್ದರೆ ಗುರುಪುರ ಹೊಳೆ, ನೇತ್ರಾವತಿ ಎರಡೂ ಎಡಗಡೆಗೆ ಬರುತ್ತವೆ. ಗಾಳಿ ತಿರುಗಿದ ದಿನ ಸಮುದ್ರದ ಮೇಲೆ ಹೋಗಿ ಸುತ್ತಿ ಬಂದು ಇಳಿಯುವುದೂ ಉಂಟು. ಆಗ ಎರಡೂ ಕಡೆಯವರಿಗೆ ಲಾಭ. ಕೆಂಪು ಮುರಕಲ್ಲಿನ ಬೋಳು ಗುಡ್ಡಗಳು, ಅವುಗಳ ಸಂದಿನಲ್ಲಿ ಅಡಿಕೆ ತೋಟ, ಅದರ ಬದಿಗೆ ಒಂದೊಂದೇ ಹೆಂಚಿನ ಮನೆ: ತುಳುನಾಡಿನ ಬದುಕಿನ ವಿನ್ಯಾಸವನ್ನು ಇಷ್ಟು ಚೊಕ್ಕವಾಗಿ ಬೇರೆಲ್ಲೂ ನೋಡಲಾಗದು.

ಬೆಂಗಳೂರು–ಮುಂಬೈ ವಿಮಾನ ಹತ್ತಿದವರು ಕಲ್ಲನ್ನು ನೋಡಬೇಕು. ಆರಂಭದಲ್ಲಿ ತುಮಕೂರು ಸೀಮೆಯ ದುಂಡು ಬಂಡೆಗಳ ಬೆಟ್ಟಗಳು, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿಯೊಂದು ದಕ್ಷಿಣೋತ್ತರವಾಗಿ ರಾಜ್ಯದ ಒಳಗೆ ನೂರಾರು ಕಿ.ಮೀ. ಸಾಗುತ್ತದೆ, ಅದರ ಮಣಿಗಳು ಇವು. ಬೆಳಗಾವಿ ಹತ್ತಿರವಾದಂತೆ ನೆಲದ ಚಹರೆಯೇ ಬದಲು. ದುಂಡು ತಲೆಗಳು ಮಾಯವಾಗಿ, ನೆತ್ತಿ ಸಪಾಟಾದ, ಮೆಟ್ಟಿಲು ಮೆಟ್ಟಿಲಾದ ಗುಡ್ಡಗಳು ಬರುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ ಇದು. ಉತ್ತರ ಕರ್ನಾಟಕದ ಎರೆಭೂಮಿಗೆ ಮೂಲವೂ ಇದೇ. ತುಂಗಭದ್ರಾ ಜಲಾಶಯ ಈ ದಾರಿಯ ಬಲಕ್ಕೆ ಬೀಳುತ್ತದೆ. ಬೆಳಗಿನ ವಿಮಾನವಾದರೆ ಬಲಗಡೆ ಬಿಸಿಲು ಕಣ್ಣಿಗೆ ಬಡಿಯುವುದರಿಂದ ಕಲ್ಲು ನೋಡಲು ಎಡ, ನೀರು ನೋಡಲು ಬಲ.

ಕೊಚ್ಚಿಗೆ ಹೋಗುವವರು ಬಲಗಡೆ ಕುಳಿತು ನೀಲಗಿರಿಯನ್ನು ನೋಡಲಿ. ನೀಲಗಿರಿ ಮುಗಿದ ಕೂಡಲೇ ಬರುವ ಪಾಲಕ್ಕಾಡ್ ಕಣಿವೆಯನ್ನು ಬಿಡಬಾರದು. ಉದ್ದಕ್ಕೂ ಗೋಡೆಯಂತೆ ಸಾಗುವ ಪಶ್ಚಿಮ ಘಟ್ಟ ಅಲ್ಲಿ ಸುಮಾರು 30–40 ಕಿ.ಮೀ. ಅಗಲಕ್ಕೆ ಬಾಯಿ ಬಿಟ್ಟಿದೆ. ರೈಲು, ಹೆದ್ದಾರಿ, ಮುಂಗಾರಿನ ಗಾಳಿ ಎಲ್ಲವೂ ನುಗ್ಗುವುದು ಅದೇ ಕಂಡಿಯಲ್ಲಿ.

ರೆಕ್ಕೆ ಮೇಲಿದ್ದರೆ ಚೆನ್ನ

ಕಡೆ ಸರಿಯಾಗಿ ಆರಿಸಿಯೂ ರೆಕ್ಕೆಯ ಮೇಲೆ ಕುಳಿತರೆ ಕಾಣುವುದು ಅಲ್ಯುಮಿನಿಯಂ ತಗಡು. ಏರ್‌ಬಸ್ 320ರಲ್ಲಿ ಸುಮಾರಾಗಿ ಒಂಬತ್ತರಿಂದ ಇಪ್ಪತ್ತರವರೆಗಿನ ಸಾಲುಗಳಿಗೆ ರೆಕ್ಕೆ ಅಡ್ಡ. ಕಾಲು ಚಾಚಲು ಜಾಗವಿದೆ ಎಂದು ಹೆಚ್ಚು ಹಣ ಕೊಟ್ಟು ಪಡೆಯುವ ತುರ್ತು ನಿರ್ಗಮನದ ಸಾಲುಗಳು ಇರುವುದೂ ಅಲ್ಲೇ. ನೋಟ ಬೇಕಾದವರಿಗೆ ಮೊದಲ ಏಳೆಂಟು ಸಾಲು ಎಲ್ಲಕ್ಕಿಂತ ಮೇಲು. ಹಿಂಭಾಗದಲ್ಲಿ ರೆಕ್ಕೆ ಅಡ್ಡ ಬಾರದಿದ್ದರೂ ಎಂಜಿನ್ ಉಗುಳುವ ಬಿಸಿಗಾಳಿಯಲ್ಲಿ ದೃಶ್ಯ ನಡುಗುತ್ತದೆ. ಕಣ್ಣಿಗೆ ಅಷ್ಟಾಗಿ ತಿಳಿಯದು, ಫೋಟೊದಲ್ಲಿ ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆ ಬೇಕು. ಸೀಟುಗಳ ಅಂತರ ಕಂಪನಿಯಿಂದ ಕಂಪನಿಗೆ ಬೇರೆ, ಕಿಟಕಿಗಳು ಮಾತ್ರ ಕಾರ್ಖಾನೆಯಲ್ಲಿ ಕೂಡಿಸಿದ ಜಾಗದಲ್ಲೇ ಇರುತ್ತವೆ. ಹಾಗಾಗಿ ಕೆಲವು ‘ವಿಂಡೋ’ ಸೀಟುಗಳ ಪಕ್ಕದಲ್ಲಿ ಬರೀ ಗೋಡೆ. ಬೋಯಿಂಗ್ 737ರಲ್ಲಿ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗುವ ಕಡೆ ಕಿಟಕಿಯನ್ನೇ ಇಟ್ಟಿಲ್ಲ. ಇಂಥ ಸಾಲುಗಳನ್ನು ಗುರುತಿಸಿಕೊಡುವ ಜಾಲತಾಣಗಳಿವೆ, ಹಣ ಕಟ್ಟುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಈ ತೊಂದರೆಗಳೇ ಇಲ್ಲದ ವಿಮಾನ ಎಟಿಆರ್ 72. ಎರಡು ಪಂಕಗಳ ಈ ಚಿಕ್ಕ ವಿಮಾನವನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ನೋಡುವ ಆಸೆಯುಳ್ಳವರಿಗೆ ಇದಕ್ಕಿಂತ ಒಳ್ಳೆಯ ವಿಮಾನ ನಮ್ಮ ದೇಶದಲ್ಲಿ ಓಡುತ್ತಿಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ. ಅದರ ರೆಕ್ಕೆ ಮೈಯ ಮೇಲ್ಭಾಗಕ್ಕೆ ಜೋಡಿಸಿರುವುದರಿಂದ ಕಿಟಕಿಯ ಕೆಳಗೆ ಏನೂ ಅಡ್ಡವಿಲ್ಲ. ಜೆಟ್‌ಗಳು 35,000 ಅಡಿಗೆ ಏರಿದರೆ ಇದು ಅದರ ಅರ್ಧದ ಆಸುಪಾಸಿನಲ್ಲೇ ಹಾರುತ್ತದೆ. ಹಳ್ಳಿಯ ಗುಡಿ, ತೋಟದ ಸಾಲು, ಹೊಲದ ಬದು ಎಲ್ಲ ಗುರುತು ಸಿಗುತ್ತವೆ. ಪಂಕ ಮುಂಭಾಗದಲ್ಲಿರುವುದರಿಂದ ಹಿಂದಿನ ಸಾಲುಗಳನ್ನು ಆರಿಸಿದರೆ ಸದ್ದೂ ಕಡಿಮೆ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರಿನಿಂದ ಅಗ್ಗದ ಹಾರಾಟ ಆರಂಭಿಸಿದ್ದು ಎಟಿಆರ್‌ಗಳಲ್ಲೇ. ಆಗ ಸೀಟಿಗೆ ಸಂಖ್ಯೆ ಇರಲಿಲ್ಲ, ಮೊದಲು ಹತ್ತಿದವರಿಗೆ ಕಿಟಕಿ. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ ಎಷ್ಟೋ ಕನ್ನಡಿಗರು ತಮ್ಮ ನಾಡನ್ನು ಮೇಲಿನಿಂದ ಕಂಡದ್ದು ಆ ಕಿಟಕಿಗಳಿಂದ.

2023ರ ಆಗಸ್ಟ್ ಕೊನೆಗೆ ಶುರುವಾದ ಬೆಂಗಳೂರು–ಶಿವಮೊಗ್ಗ ಹಾರಾಟವೂ ಎಟಿಆರ್‌ನದೇ. ಹೋಗುವಾಗ ಎಡಗಡೆ ಬಾಬಾಬುಡನ್‌ಗಿರಿ, ಇಳಿಯುವ ಮುನ್ನ ಭದ್ರಾ ಜಲಾಶಯ. ಬಲಗಡೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಹಿರಿಯೂರಿನವರ ಮಾರಿಕಣಿವೆ. ಮಲೆನಾಡಿನವರಿಗೆ ಎಡ, ಬಯಲುಸೀಮೆಯವರಿಗೆ ಬಲ ಎನ್ನಬಹುದೇನೋ.

ಹಿಮಾಲಯದ ಸಾಲು

ಭಾರತದ ಆಕಾಶದಲ್ಲಿ ಎಡ–ಬಲದ ಆಯ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವುದು ದಿಲ್ಲಿಯಿಂದ ಬಾಗ್ಡೋಗ್ರಾ ಅಥವಾ ಗುವಾಹಟಿಗೆ ಹೋಗುವಾಗ. ಹೋಗುವಾಗ ‘ಎ’, ಬರುವಾಗ ‘ಎಫ್’, ಇಷ್ಟನ್ನು ಬರೆದಿಟ್ಟುಕೊಳ್ಳಿ. 35,000 ಅಡಿ ಎತ್ತರದಿಂದ ದಿಗಂತ ಸುಮಾರು 370 ಕಿ.ಮೀ. ದೂರ ಸರಿದಿರುತ್ತದೆ. ಶಿಖರಗಳು ವಿಮಾನದಿಂದ ನೂರು ಕಿ.ಮೀ.ಗೂ ಆಚೆ ಇದ್ದರೂ ಕಾಣುವುದು ಈ ಕಾರಣಕ್ಕೆ. ಸೂರ್ಯ ಬಲಗಡೆಗೆ, ಅಂದರೆ ದಕ್ಷಿಣದಲ್ಲಿದ್ದು, ಬೆಟ್ಟಗಳ ದಕ್ಷಿಣ ಮುಖಕ್ಕೆ ನೇರ ಬೆಳಕು ಬಿದ್ದಿರುತ್ತದೆ.

ಮೊದಲ ಸಲ ನೋಡುವವರು ಅದನ್ನು ಮೋಡದ ಸಾಲೆಂದು ತಿಳಿದು ಕಣ್ಣು ತೆಗೆದುಬಿಡುತ್ತಾರೆ. ಸ್ವಲ್ಪ ಹೊತ್ತು ಬಿಡದೆ ನೋಡಬೇಕು. ಮೋಡದ ಅಂಚು ಮೆತ್ತಗೆ ಕರಗುತ್ತದೆ, ಆಕಾರ ಬದಲಾಗುತ್ತದೆ. ಬೆಟ್ಟದ ಅಂಚು ಗಡುಸು, ಒಂದು ಮಗ್ಗುಲಿಗೆ ನೀಲಿ ನೆರಳು, ಐದು ನಿಮಿಷವಾದರೂ ಅದೇ ರೂಪ. ಬಯಲಿನ ಹೊಗೆ, ಧೂಳು ಎಲ್ಲ ಕೆಳಗೇ ಉಳಿದು, ಆ ಕೊಳಕು ಪದರದ ಮೇಲೆ ಬಿಳಿಯ ಗೆರೆ ತೇಲುತ್ತಿರುವಂತೆ ಕಾಣುತ್ತದೆ.

ಪಶ್ಚಿಮದಿಂದ ಪೂರ್ವಕ್ಕೆ ಶಿಖರಗಳ ಅನುಕ್ರಮ ಗೊತ್ತಿದ್ದರೆ ಗುರುತು ಹಿಡಿಯುವುದು ಕಷ್ಟವಲ್ಲ. ಮೊದಲು ದೂರದಲ್ಲಿ ನಂದಾದೇವಿ. ಆಮೇಲೆ ನೇಪಾಳದ ಧವಳಗಿರಿ, 8,167 ಮೀ., ಒಂಟಿಯಾಗಿ ನಿಂತ ಭಾರೀ ಬಿಳಿ ಗುಡ್ಡೆ. ಅದರ ಬಲಕ್ಕೆ ಕಾಳಿ ಗಂಡಕಿ ಕೊರೆದ ಆಳದ ಕಂದರ, ಕಂದರದಾಚೆ ಅನ್ನಪೂರ್ಣಾ. ಬಳಿಕ ಮನಾಸ್ಲು. ಇನ್ನಷ್ಟು ಮುಂದೆ ಹೋದರೆ ಚೋ ಓಯು, ಅದರ ಪಕ್ಕದಲ್ಲಿ ಎಲ್ಲರೂ ಹುಡುಕುವ ಎವರೆಸ್ಟ್. 2020ರಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ ಎತ್ತರ 8,848.86 ಮೀ. ಅತಿ ಬಿಳಿಯ ಶಿಖರವನ್ನು ಎವರೆಸ್ಟ್ ಎಂದುಕೊಂಡರೆ ತಪ್ಪಾಗುತ್ತದೆ. ನೆತ್ತಿಗೆ ಬಡಿಯುವ ಗಾಳಿ ಹಿಮವನ್ನು ಗುಡಿಸಿಹಾಕುವುದರಿಂದ ಅದು ಕಪ್ಪಗಿನ ಮುಮ್ಮೂಲೆ. ಮುಂದೆ ನುಪ್ತ್ಸೆ–ಲೋತ್ಸೆಗಳ ಗೋಡೆ, ಗೋಡೆಯ ಹಿಂದಿನಿಂದ ಇಣುಕುವ ತಲೆ. ಗಾಳಿ ಜೋರಿದ್ದ ದಿನ ಆ ತಲೆಯಿಂದ ಹಿಮದ ಧೂಳು ಪತಾಕೆಯಾಗಿ ಹಾರುವುದೂ ಕಂಡೀತು. ಬಲಕ್ಕೆ ತುಸು ದೂರದಲ್ಲಿ ಮಕಾಲು. ಎಲ್ಲಕ್ಕಿಂತ ಕೊನೆಗೆ, ಬಾಗ್ಡೋಗ್ರಾ ಹತ್ತಿರವಾದಾಗ, 8,586 ಮೀ. ಎತ್ತರದ ಕಾಂಚನಜುಂಗಾ. ಎವರೆಸ್ಟ್‌ಗೆ ಹೆಸರಿದ್ದರೂ ಕಿಟಕಿಯಿಂದ ನೋಡುವವರ ಪಾಲಿಗೆ ಈ ದಾರಿಯ ರಾಜ ಕಾಂಚನಜುಂಗಾ. ಅಷ್ಟು ಹತ್ತಿರ, ಅಷ್ಟು ವಿಶಾಲ.

ಇಂದು ಸಾವಿರಾರು ರೂಪಾಯಿಯ ಟಿಕೆಟ್ಟಿಗೆ ಸಿಗುವ ಈ ದೃಶ್ಯಕ್ಕಾಗಿ ಒಂದು ಕಾಲದಲ್ಲಿ ಜನ ಜೀವವನ್ನೇ ಒತ್ತೆ ಇಟ್ಟಿದ್ದರು. 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಬಳಿಯ ಬಯಲಿನಿಂದ ಎರಡು ಬೈಪ್ಲೇನ್‌ಗಳು ಹೊರಟು ಮೊದಲ ಬಾರಿಗೆ ಎವರೆಸ್ಟ್ ಮೇಲೆ ಹಾರಿದವು. ಒಂದೊಂದರಲ್ಲಿ ಇಬ್ಬರು, ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು, ಮೂಗಿಗೆ ಆಮ್ಲಜನಕದ ಕೊಳವೆ. ಛಾಯಾಗ್ರಾಹಕ ಸಿಡ್ನಿ ಬಾನೆಟ್ ಅವರ ಕೊಳವೆ ದಾರಿಯಲ್ಲಿ ಬಿರುಕು ಬಿಟ್ಟು ಅವರು ಪ್ರಜ್ಞೆ ತಪ್ಪಿ ಬಿದ್ದಿದ್ದರು; ಪುಣ್ಯಕ್ಕೆ ಬದುಕಿ ಬಂದರು.

ದಿಲ್ಲಿಯಿಂದ ಲೇಹ್‌ಗೆ ಹೋಗುವ ದಾರಿ ನೇರ ಉತ್ತರ. ಮಧ್ಯಾಹ್ನದ ಬಿಸಿಲು, ಗಾಳಿಗಳ ಕಾಟದಿಂದಾಗಿ ಅಲ್ಲಿಗೆ ಹೆಚ್ಚಿನ ವಿಮಾನಗಳು ಬೆಳಿಗ್ಗೆಯೇ ಹೋಗುತ್ತವೆ. ನಿಲ್ದಾಣವೇ 3,256 ಮೀ. ಎತ್ತರದಲ್ಲಿದೆ. ಎಡಗಡೆ ಜಂಸ್ಕಾರದ ಪರ್ವತಗಳು, ನುನ್ ಮತ್ತು ಕುನ್ ಎಂಬ ಜೋಡಿ ಶಿಖರಗಳು. ಬಲಗಡೆ ಸ್ಪಿತಿ, ತ್ಸೋ ಮೊರಿರಿ ಸರೋವರದ ಕಡೆ. ಬೆಳಗಿನ ಸೂರ್ಯ ಬಲಕ್ಕಿರುವುದರಿಂದ ನನ್ನ ಮತ ಎಡಕ್ಕೆ.

ಮೋಡದ ಮೇಲಿನ ಬಳೆ

ಎಲ್ಲ ದಿನವೂ ನೆಲ ಕಾಣುವುದಿಲ್ಲ. ಕೆಳಗೆ ಮೋಡ ಹಾಸಿದ್ದರೆ ಹಲವರು ನಿರಾಸೆಯಿಂದ ತೆರೆ ಎಳೆದುಬಿಡುತ್ತಾರೆ. ಸೂರ್ಯನ ಎದುರು ಮಗ್ಗುಲಲ್ಲಿ ಕುಳಿತವರು ಹಾಗೆ ಮಾಡಬಾರದು. ಮೋಡದ ಮೇಲೆ ವಿಮಾನದ ನೆರಳು ಬೀಳುವ ಜಾಗವನ್ನು ಹುಡುಕಿ. ಅದರ ಸುತ್ತ ಕಾಮನಬಿಲ್ಲಿನ ಬಣ್ಣದ ಸಣ್ಣ ಬಳೆ ಇರುತ್ತದೆ, ಕೆಲವೊಮ್ಮೆ ಒಂದರೊಳಗೊಂದು ಎರಡು ಮೂರು. ಇದನ್ನು ಗ್ಲೋರಿ ಎನ್ನುತ್ತಾರೆ. ಮೋಡದ ಸೂಕ್ಷ್ಮ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವುದರಿಂದ ಉಂಟಾಗುವ ನೋಟ. ಮೋಡ ದೂರವಿದ್ದರೆ ನೆರಳು ಕಾಣದೆ ಬಳೆ ಮಾತ್ರ ಉಳಿಯುತ್ತದೆ. ವಿಮಾನ ಕೆಳಗಿಳಿದಂತೆ ನೆರಳು ಬೆಳೆಯುತ್ತದೆ, ಆಗ ಬಳೆಯ ನಡುಮಧ್ಯವನ್ನು ಗಮನಿಸಿ. ಅದು ಬೀಳುವುದು ನೆರಳಿನಲ್ಲಿ ನಿಮ್ಮ ಸೀಟು ಇರುವ ಜಾಗದ ಮೇಲೆಯೇ. ಮುಂದಿನ ಸಾಲಿನವರಿಗೆ ಮುಂಭಾಗದಲ್ಲಿ, ಬಾಲದ ಹತ್ತಿರ ಕುಳಿತವರಿಗೆ ಬಾಲದ ಹತ್ತಿರ. ಒಂದೇ ವಿಮಾನದಲ್ಲಿ ಪ್ರತಿಯೊಬ್ಬರಿಗೂ ಅವರದೇ ಬಳೆ.

ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲೆ 1894ರಲ್ಲಿ ಇದೇ ಬಗೆಯ ಬಳೆಗಳನ್ನು ನೋಡಿದ ಸಿ.ಟಿ.ಆರ್. ವಿಲ್ಸನ್ ಅವರಿಗೆ, ಮೋಡವನ್ನು ಪ್ರಯೋಗಾಲಯದಲ್ಲೇ ಸೃಷ್ಟಿಸಬೇಕೆಂಬ ಹಂಬಲ ಹುಟ್ಟಿತು. ಅದರಿಂದ ಬಂದ ಕ್ಲೌಡ್ ಚೇಂಬರ್ ಪರಮಾಣು ಕಣಗಳ ಜಾಡನ್ನು ಕಣ್ಣಿಗೆ ತೋರಿಸಿತು, ಅವರಿಗೆ 1927ರ ಭೌತವಿಜ್ಞಾನದ ನೊಬೆಲ್ ಬಂತು.

ಫೋಟೊ ತೆಗೆಯುವವರಿಗೆ ಎರಡೇ ಮಾತು. ವಿಮಾನದ ಕಿಟಕಿ ಮೂರು ಪದರಗಳದು. ಹೊರಗಿನವು ಒತ್ತಡ ತಡೆಯಲು, ಒಳಗಿನದು ನಮ್ಮ ಕೈ ತಾಗದಂತೆ ರಕ್ಷಣೆಗೆ. ಮೊಬೈಲನ್ನು ಅದಕ್ಕೆ ಒತ್ತಿ ಹಿಡಿದರೆ ನಡುಕ ಚಿತ್ರಕ್ಕೆ ಇಳಿಯುತ್ತದೆ. ಕೂದಲೆಳೆ ಅಂತರ ಬಿಟ್ಟು, ಸುತ್ತ ಕಪ್ಪು ಬಟ್ಟೆಯೋ ಅಂಗೈಯೋ ಅಡ್ಡವಿಟ್ಟು ಒಳಗಿನ ಬೆಳಕಿನ ಪ್ರತಿಫಲನ ತಡೆಯಿರಿ. ಪೋಲರಾಯ್ಡ್ ಫಿಲ್ಟರ್ ಹಾಕಬೇಡಿ, ಕಿಟಕಿಯ ಪ್ಲಾಸ್ಟಿಕ್ ಬಣ್ಣಬಣ್ಣದ ಪಟ್ಟೆಯಾಗಿ ಕಾಣುತ್ತದೆ. ಲೇಹ್, ಬಾಗ್ಡೋಗ್ರಾಗಳಂಥ ಸೇನಾ ನೆಲೆಯ ನಿಲ್ದಾಣಗಳಲ್ಲಿ ಏರುವಾಗ, ಇಳಿಯುವಾಗ ಕ್ಯಾಮೆರಾ ತೆಗೆಯಲೇಬಾರದು. 2025ರ ಮೇ ತಿಂಗಳಲ್ಲಿ ಗಡಿಯ ಪರಿಸ್ಥಿತಿಯಿಂದಾಗಿ ಅಂಥ ಕಡೆ ಕಿಟಕಿಯ ತೆರೆ ಮುಚ್ಚಿಡಲೂ ಆದೇಶವಾಗಿತ್ತು. ಸಿಬ್ಬಂದಿ ಏನು ಹೇಳುತ್ತಾರೋ ಅದೇ ನಿಯಮ.

ಋತುವಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಮಳೆ ಗಾಳಿಯನ್ನು ತೊಳೆದುಹೋದ ಅಕ್ಟೋಬರ್, ನವೆಂಬರ್ ಎಲ್ಲೆಡೆಗೂ ಒಳ್ಳೆಯ ಕಾಲ; ಏಪ್ರಿಲ್, ಮೇ ಧೂಳಿನ ಕಾಲ. ನೀವು ಹೊರಡುವ ವಿಮಾನ ಹಿಂದಿನ ದಿನಗಳಲ್ಲಿ ಯಾವ ದಾರಿ ಹಿಡಿದಿತ್ತು ಎಂಬುದನ್ನು ಫ್ಲೈಟ್‌ರಾಡಾರ್24ರಂಥ ತಾಣಗಳು ಗೆರೆ ಎಳೆದು ತೋರಿಸುತ್ತವೆ. ನಕ್ಷೆಯ ಮೇಲಿನ ನೇರ ಗೆರೆಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹ.

ಇಷ್ಟೆಲ್ಲ ಇದ್ದರೂ ಇಂದಿನ ವಿಮಾನಗಳಲ್ಲಿ ಸುತ್ತ ಕಣ್ಣಾಡಿಸಿದರೆ ಹೆಚ್ಚಿನ ತೆರೆಗಳು ಮುಚ್ಚಿರುತ್ತವೆ, ಮುಚ್ಚಿದ ತೆರೆಯ ಪಕ್ಕ ಮೊಬೈಲ್ ಹೊಳೆಯುತ್ತಿರುತ್ತದೆ. ನಿದ್ದೆ ಬೇಕಾದವರ ತಪ್ಪಲ್ಲ ಅದು. ಹೊರಗೆ ಏನಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಕೆಲವು ಪೈಲಟ್‌ಗಳು ಎಡಕ್ಕೆ ಎವರೆಸ್ಟ್ ಇದೆ ನೋಡಿ ಎಂದು ಘೋಷಿಸಿದ ಕೂಡಲೇ ಇಡೀ ವಿಮಾನ ಎಚ್ಚರಗೊಳ್ಳುವುದನ್ನು ಹೋಗಿಬಂದವರೆಲ್ಲ ಕಂಡಿದ್ದಾರೆ. ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲೂ ಹಾಗಾಗಲಿ. ಬಲಕ್ಕೆ ಕುದುರೆಮುಖ, ಎಡಕ್ಕೆ ಹೇಮಾವತಿ ಎಂದು ಕನ್ನಡದಲ್ಲಿ ಎರಡು ಸಾಲು ಹೇಳಿದರೆ ಕಂಪನಿಗಳಿಗೆ ನಯಾಪೈಸೆ ಖರ್ಚಿಲ್ಲ. ಸೀಟಿನ ನಕ್ಷೆಯಲ್ಲಿ ಬೆಲೆಯ ಜೊತೆಗೆ ಉತ್ತರ ದಿಕ್ಕಿನ ಒಂದು ಬಾಣವನ್ನೂ ಹಾಕಲಿ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಸಲ ಜೊತೆಗೆ ಮಕ್ಕಳಿದ್ದರೆ ಸರಿಯಾದ ಕಡೆಯ ಕಿಟಕಿಯನ್ನು ಅವರಿಗೆ ಕೊಡಿ, ಏನು ಕಾಣಲಿದೆ ಎಂದು ಹೊರಡುವ ಮುನ್ನವೇ ನಕ್ಷೆಯಲ್ಲಿ ತೋರಿಸಿ.